ಗುಹೆಯೊಳಗೆ ಬೆಂಕಿ ಹಾಕಬಾರದು

ಸ್ನೇಹಿತರೇ, ಸಂಕ್ರಾಂತಿ ರಜಕ್ಕೆ ಮತ್ತೆ ಬೆಟ್ಟಕ್ಕೆ ಹೋಗೋಣ ಅಂತ ನಮ್ಮ ತರಗತಿಯಲ್ಲಿ ಮಾತು ನಡೀತಾ ಇದೆ. ದಸರಾ ರಜದಲ್ಲಿ ಐದು ಜನ ಹೋಗಿದ್ದೆವು. ಈಗ ಹನ್ನೆರಡು ಜನ ಹೆಸರು ಕೊಟ್ಟಿದ್ದಾರೆ. ನನಗೂ ಹೋಗಲು ಆಸೆ. ಆದರೆ ಕೆಲವರು, "ಗುಹೆಯೊಳಗೆ ದೊಡ್ಡ ಬೆಂಕಿ ಹಾಕಿ ಗೆಣಸು ಸುಡೋಣ" ಅಂತಿದ್ದಾರೆ. ಅದು ಬೇಡ ಅಂತ ನನ್ನ ಅಭಿಪ್ರಾಯ. ಯಾಕೆ ಅಂತ ಹೇಳ್ತೀನಿ.

ಹೋದ ಸಲ ನಾವು ನಮ್ಮ ಮಾವನ ಜೊತೆ ಕೋಲಾರದ ಅಂತರಗಂಗೆ ಬೆಟ್ಟ ಹತ್ತಿದೆವು. ಮೂರು ದಿನ, ಎರಡು ರಾತ್ರಿ. ಮೆಟ್ಟಿಲು ಹತ್ತಿ, ಬಸವನ ಬಾಯಿಂದ ಬೀಳುವ ನೀರನ್ನು ಬಾಟಲಿಗೆ ತುಂಬಿಸಿಕೊಂಡು ತೇರಹಳ್ಳಿ ಕಡೆ ನಡೆದೆವು. ಬೆಟ್ಟದ ಮೇಲೂ ಊರುಗಳಿವೆ, ಹೊಲಗಳಿವೆ. ಇದನ್ನು ಶತಶೃಂಗ ಪರ್ವತ ಅಂತಾರೆ. ಇಲ್ಲಿನ ಗುಹೆಗಳು ಯಾರೂ ಕೊರೆದದ್ದಲ್ಲ. ದೊಡ್ಡ ದೊಡ್ಡ ಬಂಡೆಗಳು ಒಂದರ ಮೇಲೊಂದು ಒರಗಿಕೊಂಡು ಮಧ್ಯೆ ಆದ ಸಂದುಗಳು. ಕೆಲವು ಕಡೆ ಹೊಟ್ಟೆ ಮೇಲೆ ತೆವಳಿಕೊಂಡು ಹೋಗಬೇಕು.

ಮೊದಲ ರಾತ್ರಿ ಅಂಥ ಒಂದು ಗುಹೆಯಲ್ಲಿ ಮಲಗಿದೆವು. ಮಾವ ಹೊರಗೆ ಕಂಬಳಿ ಹಾಸುತ್ತಿದ್ದರು. ಚಳಿ ಅಂತ ನಾವು ಒಳಗೆ ಪುಳ್ಳೆ ಸೌದೆ ಗುಡ್ಡೆ ಹಾಕಿದೆವು. ಕಡ್ಡಿ ಗೀರಿದವನು ನಾನೇ. ಇದನ್ನು ಇಲ್ಲಿವರೆಗೂ ಯಾರಿಗೂ ಹೇಳಿರಲಿಲ್ಲ. ಸ್ವಲ್ಪ ಹೊತ್ತಿಗೆ ಹೊಗೆ ತುಂಬಿತು. ಮೇಲಿನ ಸಂದಿನಿಂದ ಬಾವಲಿಗಳು ದಬದಬ ಅಂತ ಹಾರಿಬಂದವು. ನಾವು ಕಿರುಚಿದೆವು, ಆಮೇಲೆ ನಕ್ಕೆವು. ಬೆಳಿಗ್ಗೆ ನೋಡಿದರೆ ಬೂದಿ ಪಕ್ಕ ಒಂದು ಬಾವಲಿ ಬಿದ್ದಿತ್ತು. ನನ್ನ ಹೆಬ್ಬೆರಳಷ್ಟು ಮೈ. ರೆಕ್ಕೆ ಒಂದು ಕಡೆ ಮುದುರಿಹೋಗಿತ್ತು. ಯಾರೂ ನಗಲಿಲ್ಲ. ಮಾವ ಬೈಯಲಿಲ್ಲ. "ಅದರ ಮನೆಗೆ ಹೋಗಿ ಅದನ್ನೇ ಓಡಿಸಿದ್ರಲ್ಲೋ ಹುಡುಗ್ರಾ" ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಊರಿಗೆ ಬಂದ ಮೇಲೆ ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಅವರು ಹೇಳಿದ್ದು ಕೇಳಿ ನನಗೆ ಇನ್ನೂ ಬೇಜಾರಾಯಿತು. ನಮ್ಮ ಕೋಲಾರದ ಹೆಸರಿನ ಒಂದು ಬಾವಲಿಯೇ ಇದೆಯಂತೆ, ಕೋಲಾರ ಎಲೆಮೂಗಿನ ಬಾವಲಿ. ಅದರ ಮೂಗಿನ ಮೇಲೆ ಎಲೆ ಥರ ಚರ್ಮ ಇರುತ್ತದೆ. ಮೂಗಿನಿಂದ ಶಬ್ದ ಹೊರಡಿಸಿ, ಅದು ತಾಗಿ ವಾಪಸು ಬರುವುದನ್ನು ಕೇಳಿ ಕತ್ತಲಲ್ಲಿ ದಾರಿ ತಿಳಿಯುತ್ತದೆ. ವಿಜ್ಞಾನಿಗಳು ಅದಕ್ಕೆ ಹೆಸರಿಟ್ಟಿದ್ದು 1994ರಲ್ಲಿ. ಆಗ ಹನುಮನಹಳ್ಳಿಯಲ್ಲೂ ತೇರಹಳ್ಳಿಯಲ್ಲೂ ಇತ್ತು. ಆಮೇಲೆ ಹುಡುಕಿದಾಗ ಹನುಮನಹಳ್ಳಿಯ ಒಂದೇ ಒಂದು ಗುಹೆಯಲ್ಲಿ ಸಿಕ್ಕಿತು, ಅದೂ 200ಕ್ಕಿಂತ ಕಡಿಮೆ. ಪ್ರಪಂಚದಲ್ಲಿ ಬೇರೆಲ್ಲೂ ಅದು ಸಿಕ್ಕಿಲ್ಲ. ನಮ್ಮ ಶಾಲೆಯ ಮಕ್ಕಳೇ ಅದಕ್ಕಿಂತ ಜಾಸ್ತಿ ಇದ್ದೇವೆ.

ನಾವು ಕಂಡ ಬಾವಲಿ ಅದೇ ಅಂತ ನಾನು ಹೇಳುತ್ತಿಲ್ಲ. ಬೇರೆ ಜಾತಿಯೂ ತುಂಬಾ ಇವೆ. ಆದರೆ ಹೊಗೆಗೆ ಜಾತಿ ಗೊತ್ತಿಲ್ಲ. ಸಾಮಾನ್ಯವಾಗಿ ಬಾವಲಿ ವರ್ಷಕ್ಕೆ ಒಂದೇ ಮರಿ ಹಾಕುತ್ತದೆ. ಇಲಿ, ಕೋಳಿ ಥರ ಬೇಗ ಹೆಚ್ಚುವುದಿಲ್ಲ. ಒಂದು ಗುಹೆ ಖಾಲಿಯಾದರೆ ಮತ್ತೆ ತುಂಬುವುದು ಕಷ್ಟ.

ಕೆಲವರು ಕೇಳುತ್ತಾರೆ, "ಬಾವಲಿ ಇದ್ದರೆಷ್ಟು, ಹೋದರೆಷ್ಟು? ಅದು ಅಪಶಕುನ" ಅಂತ. ನಮ್ಮ ಅಜ್ಜಿಯೂ ಹಾಗೇ ಹೇಳ್ತಾರೆ. ಆದರೆ ಗುಹೆಯ ಈ ಸಣ್ಣ ಬಾವಲಿಗಳು ರಾತ್ರಿ ಹಾರುವ ಹುಳುಗಳನ್ನು ತಿನ್ನುತ್ತವೆ. ನಮ್ಮ ಟೊಮೆಟೊ ಕಾಯಿ ಕೊರೆಯುವ ಹುಳ ಇದೆಯಲ್ಲ, ಅದು ದೊಡ್ಡದಾದರೆ ರಾತ್ರಿ ಹಾರುವ ಪತಂಗ. ಅದಕ್ಕೆ ನಮ್ಮಪ್ಪ ದುಡ್ಡು ಕೊಟ್ಟು ಔಷಧಿ ಹೊಡೀತಾರೆ. ಪತಂಗ ಹಿಡಿದು ತಿನ್ನುವವರನ್ನು ನಾವೇ ಹೊಗೆ ಹಾಕಿ ಓಡಿಸಿದರೆ ಬುದ್ಧಿವಂತರಾ?

ಇನ್ನು ಕೆಲವರು ರೋಗ ಬರುತ್ತೆ ಅಂತಾರೆ. 2018ರಲ್ಲಿ ಕೇರಳದಲ್ಲಿ ನಿಫಾ ಬಂದಾಗ ಹಣ್ಣು ತಿನ್ನುವ ಬಾವಲಿಯ ಹೆಸರು ಬಂದಿತ್ತು, ನಿಜ. ಹಾಗಾದರೆ ಇನ್ನೂ ದೂರ ಇರಬೇಕು ತಾನೇ? ಯಾವ ಬಾವಲಿಯನ್ನೂ ಮುಟ್ಟಬಾರದು, ಅದರ ಹಿಕ್ಕೆ ಬೀಳುವ ಕಡೆ ಮಲಗಬಾರದು. ರೋಗದ ಭಯ ಇರುವವರೇ ಅದರ ಕೆಳಗೆ ಹಾಸಿಗೆ ಹಾಸುವುದು ತಮಾಷೆ.

ಚಿರತೆ ಬಂದರೆ? ಇದು ಒಳ್ಳೆ ಪ್ರಶ್ನೆ. ನನಗೂ ಭಯವೇ. ಅದಕ್ಕೇ ದೊಡ್ಡವರಿಲ್ಲದೆ ಹೋಗಬಾರದು, ಅರಣ್ಯ ಇಲಾಖೆಯವರನ್ನು ಕೇಳಿಯೇ ಹೋಗಬೇಕು. ಅವರು ರಾತ್ರಿ ಬೇಡ ಅಂದರೆ ಸಂಜೆಗೆ ಇಳಿದು ಬರಬೇಕು. ಬೆಂಕಿಯಿಂದಲೂ ಅಪಾಯ ಇದೆ. ಜನವರಿಗೆ ಬೋದೆ ಹುಲ್ಲು ಒಣಗಿರುತ್ತದೆ. ಒಂದು ಕಿಡಿ ಸಾಕು.

ಬೆಂಕಿ ಇಲ್ಲದಿದ್ದರೆ ಮಜಾ ಇರಲ್ಲ ಅನ್ನುವವರಿಗೆ ಎರಡನೇ ರಾತ್ರಿ ಬಗ್ಗೆ ಹೇಳಬೇಕು. ಆವತ್ತು ಮಾವ ನಮ್ಮನ್ನು ಬಾವಲಿ ಇಲ್ಲದ, ಬಾಯಿ ಅಗಲವಾದ ಬಂಡೆ ಮರೆಯಲ್ಲಿ ಮಲಗಿಸಿದರು. ರಾಗಿ ರೊಟ್ಟಿ, ಹುಚ್ಚೆಳ್ಳು ಪುಡಿ ತಿಂದೆವು. ಒಂದು ಕಂಬಳಿಗೆ ಇಬ್ಬರು. ಸಂಜೆ ಕಪ್ಪಾಗುವಾಗ ದೂರದ ಸಂದಿನಿಂದ ಬಾವಲಿಗಳು ಒಂದೊಂದಾಗಿ ಹೊರಟವು. ನಾವು ಎಣಿಸಲು ಶುರು ಮಾಡಿ ಎಪ್ಪತ್ತಕ್ಕೆ ತಪ್ಪಿಹೋದೆವು. ಕೆಳಗೆ ಕೋಲಾರದ ದೀಪಗಳು ಕಾಣುತ್ತಿದ್ದವು. ಮೊದಲ ರಾತ್ರಿಗಿಂತ ಚಳಿ ಜಾಸ್ತಿ ಇತ್ತು, ನಿದ್ದೆ ಮಾತ್ರ ಚೆನ್ನಾಗಿ ಬಂತು.

ಆದ್ದರಿಂದ ನಾನು ಮೂರು ಮಾತು ಹೇಳ್ತೀನಿ. ಒಂದು, ಗುಹೆಯೊಳಗೆ ಬೆಂಕಿ ಬೇಡ. ಎರಡು, ಬಾವಲಿ ಇರುವ ಗುಹೆಗೆ ಹೋಗುವುದೇ ಬೇಡ, ಟಾರ್ಚ್ ಕೂಡ ಬಿಡಬಾರದು. ಮೂರು, ಗೆಣಸನ್ನು ಮನೆಯಲ್ಲೇ ಸುಟ್ಟು ತರೋಣ, ಸಿಪ್ಪೆ, ಕವರ್ ಎಲ್ಲಾ ವಾಪಸು ತರೋಣ.

ಶನಿವಾರದ ಸಭೆಯಲ್ಲಿ ಕೈ ಎತ್ತಿಸಿ ಕೇಳೋಣ. ಬೆಂಕಿ ಬೇಕು ಅಂತ ಜಾಸ್ತಿ ಕೈ ಎದ್ದರೆ ನಾನು ಬರಲ್ಲ. ಹೆದರಿದ ಅಂತ ನಕ್ಕರೂ ಪರವಾಗಿಲ್ಲ. ಬೂದಿ ಪಕ್ಕ ಬಿದ್ದಿದ್ದನ್ನು ನಾನು ಇನ್ನೊಂದು ಸಲ ನೋಡಲಾರೆ.

ತಪ್ಪಿದ್ದರೆ ತಿದ್ದಿ.

— 7ನೇ ತರಗತಿಯ ವಿದ್ಯಾರ್ಥಿ