ಎಂಬತ್ತು ದಾಟಿದವರ ಪಿಂಚಣಿ ಕರಗುತ್ತಿದೆ

ವೈಟ್‌ಫೀಲ್ಡ್, ಪೀಣ್ಯ, ಎಲೆಕ್ಟ್ರಾನಿಕ್ ಸಿಟಿಯ ಬೇಕರಿ, ಹೋಟೆಲು, ಜ್ಯೂಸ್ ಅಂಗಡಿಗಳಲ್ಲಿ ದುಡಿಯುವ ನಮ್ಮ ಹುಡುಗರು ತಿಂಗಳ ಮೊದಲ ವಾರ ಊರಿಗೆ ಹಣ ಕಳಿಸುತ್ತಾರೆ. ಅದಿಲ್ಲದಿದ್ದರೆ ಊರಲ್ಲಿರುವ ಉಮ್ಮನ ಮದ್ದಿನ ಚೀಟಿ ಹಾಗೇ ಉಳಿದೀತು. ಸರಕಾರ ಕೊಡುವ ಪಿಂಚಣಿ ಮದ್ದಿಗೇ ಸಾಲುವುದಿಲ್ಲ.

ಲೆಕ್ಕ ನೋಡಿ. ಇಂದಿರಾ ಗಾಂಧಿ ವೃದ್ಧಾಪ್ಯ ಪಿಂಚಣಿಗೆ ಕೇಂದ್ರ 2007ರಲ್ಲಿ ಕೊಡುತ್ತಿದ್ದ ಪಾಲು ತಿಂಗಳಿಗೆ 200 ರೂಪಾಯಿ. ಈಗಲೂ ಅಷ್ಟೇ. 80 ದಾಟಿದವರಿಗೆ 2011ರಲ್ಲಿ ಅದನ್ನು 500 ಮಾಡಿತು, ಆಮೇಲೆ ಮರೆತೇಬಿಟ್ಟಿತು. ರಾಜ್ಯದ ಸಂಧ್ಯಾ ಸುರಕ್ಷಾ 2007ರಲ್ಲಿ 400ರಿಂದ ಶುರುವಾಗಿ 2021ರಲ್ಲಿ 1,200ಕ್ಕೆ ಬಂತು. ಅದು ಏರಿದ್ದೆಲ್ಲ ಬಜೆಟ್ಟು, ಚುನಾವಣೆ, ಮುಖ್ಯಮಂತ್ರಿಗಳ ಮನಸ್ಸು ನೋಡಿಕೊಂಡು. ಅಕ್ಕಿ, ಮೀನು, ಗ್ಯಾಸಿನ ಬೆಲೆ ನೋಡಿಕೊಂಡಲ್ಲ.

ಇನ್ನು ಪಿಎಫ್ ಪಿಂಚಣಿ. ಪೀಣ್ಯದ ಕಾರ್ಖಾನೆಗಳಲ್ಲಿ ಲೇತ್ ತಿರುಗಿಸಿ ನಿವೃತ್ತರಾದವರೂ, ಕರಾವಳಿಯಲ್ಲಿ ಬೀಡಿ ಕಟ್ಟಿದ ನಮ್ಮ ತಾಯಂದಿರೂ ಇದನ್ನೇ ನಂಬಿದವರು. ಕನಿಷ್ಠ 1,000 ರೂಪಾಯಿ ಎಂದು 2014ರ ಸೆಪ್ಟೆಂಬರಿನಲ್ಲಿ ಗೊತ್ತುಮಾಡಿದರು. ಅದಕ್ಕೂ ಒಂದು ವರ್ಷ ಮೊದಲೇ ರಾಜ್ಯಸಭೆಯ ಕೋಶ್ಯಾರಿ ಸಮಿತಿ 3,000 ಕೊಡಿ ಎಂದಿತ್ತು. ತುಟ್ಟಿಭತ್ಯೆಯಂತೂ ಇದಕ್ಕಿಲ್ಲವೇ ಇಲ್ಲ.

ಕೇಂದ್ರ ಸರಕಾರಿ ನೌಕರರ ನಿಯಮ ಬೇರೆ. 80 ತುಂಬಿದರೆ ಪಿಂಚಣಿಗೆ ಶೇ. 20 ಹೆಚ್ಚುವರಿ, 90ಕ್ಕೆ ಶೇ. 40, 100 ತುಂಬಿದರೆ ಅಷ್ಟೇ ಇನ್ನೊಂದು ಪಾಲು. ವರ್ಷಕ್ಕೆರಡು ಸಲ ತುಟ್ಟಿಭತ್ಯೆಯೂ ಉಂಟು. ಇದನ್ನು ನಾವು ತಪ್ಪು ಎನ್ನುವುದಿಲ್ಲ. ವಯಸ್ಸು ಏರಿದ ಹಾಗೆ ಖರ್ಚೂ ಏರುತ್ತದೆ ಎಂದು ಸರಕಾರವೇ ಒಪ್ಪಿಕೊಂಡಂತಾಯ್ತಲ್ಲ. ಹಾಗಾದರೆ ಬೀಡಿ ಕಟ್ಟಿದ ಕೈಗೆ ವಯಸ್ಸಾಗುವುದಿಲ್ಲವೇ?

ಹಣ ಎಲ್ಲಿಂದ ಎಂದು ಕೇಳುತ್ತಾರೆ. ಕೋಲಾರ ದಾಟಿದರೆ ಆಂಧ್ರ, ಅಲ್ಲಿ 2024ರಿಂದ ವೃದ್ಧರಿಗೆ 4,000 ಸಿಗುತ್ತಿದೆ. ರಾಜಸ್ಥಾನ 2023ರಲ್ಲಿ ಕಾನೂನನ್ನೇ ಮಾಡಿ, ಪಿಂಚಣಿ ವರ್ಷಕ್ಕೆ ಶೇ. 15 ಏರಬೇಕು ಎಂದು ಬರೆದಿಟ್ಟಿತು. ನಮಗೆ 4,000 ಒಮ್ಮೆಗೇ ಬೇಡ. 80 ಮೇಲಿನವರಿಗಾದರೂ ಬೆಲೆಯೇರಿಕೆಗೆ ತಕ್ಕಂತೆ ವರ್ಷ ವರ್ಷ ಏರಲಿ, ಅದು ಕಾನೂನಿನಲ್ಲಿರಲಿ. ಅವರ ಸಂಖ್ಯೆ ಹೇಗೂ ಕಡಿಮೆ, ಬೊಕ್ಕಸ ಮುಳುಗದು.

ಅಲ್ಲಿಯವರೆಗೆ ಇರುವುದಾದರೂ ನಿಲ್ಲದಂತೆ ನೋಡಿಕೊಳ್ಳೋಣ. ಬೆರಳಚ್ಚು ಬರುವುದಿಲ್ಲವೆಂದು ಪಿಎಫ್ ಪಿಂಚಣಿ ನಿಂತ ಹಿರಿಯರಿದ್ದರೆ, ಜೀವನ್ ಪ್ರಮಾಣ್ ಪತ್ರವನ್ನು ಮೊಬೈಲಿನಲ್ಲಿ ಮುಖ ತೋರಿಸಿಯೂ ಮಾಡಬಹುದು. ರಜೆಗೆ ಊರಿಗೆ ಹೋಗುವ ಹುಡುಗರೇ, ಈ ಸಲ ಆ ಕೆಲಸ ಮುಗಿಸಿಯೇ ಬಸ್ಸು ಹತ್ತಿ.