ದೊಡ್ಡಾಕಿ ಆದಳು, ಈಸೋದು ಸಾಕು

ಮಕ್ಕಳನ್ನು ಐದನೆಯ ವರ್ಷಕ್ಕೇ ಈಜಿಗೆ ಹಾಕಬೇಕು, ಹತ್ತು ದಾಟಿತೆಂದರೆ ಪದಕದ ಆಸೆ ಬಿಡಬೇಕು ಎಂದು ಹೇಳುವವರು ಈಗ ಊರೂರಲ್ಲಿ ಇದ್ದಾರೆ. ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಿಬಂದ ತಾಯಂದಿರಂತೂ ಪಂಚಾಂಗ ನೋಡಿ ಹೇಳಿದಷ್ಟು ಖಚಿತವಾಗಿ ಹೇಳುತ್ತಾರೆ. ಅದೇ ತಾಯಂದಿರು, ಮಗಳು ಹನ್ನೆರಡು ಹದಿಮೂರಕ್ಕೆ ಬಂದಳೆಂದರೆ, "ದೊಡ್ಡಾಕಿ ಆದಳ್ರೀ ಅಕ್ಕೋರ, ಇನ್ನ ಈಸೋದು ಸಾಕು" ಎನ್ನುತ್ತಾರೆ. ಮೊದಲಿನ ಮಾತಿನಲ್ಲಿ ಅರ್ಧ ನಿಜವಿದೆ. ಎರಡನೆಯ ಮಾತು ಮಾತ್ರ ಆ ಅರ್ಧ ನಿಜವನ್ನೂ ಹೊಳೆಗೆ ಹಾಕುತ್ತದೆ.

ಮೊದಲು ಅರ್ಧ ನಿಜದ ವಿಚಾರ. ನೀರು ಗಾಳಿಗಿಂತ ಸುಮಾರು 800 ಪಟ್ಟು ದಟ್ಟ. ಅದರೊಳಗೆ ವೇಗವಾಗಿ ಹೋಗಲು ತೋಳಿನ ಬಲವೊಂದೇ ಸಾಲದು. ಮೈಯನ್ನು ನೀರು ತಡೆಯದ ಹಾಗೆ ನೀಳವಾಗಿ ಇಟ್ಟುಕೊಳ್ಳಬೇಕು. ಸೊಂಟ ಕೆಳಗೆ ಜಗ್ಗಬಾರದು, ತಲೆ ಎತ್ತಬಾರದು, ಉಸಿರಿಗೆ ಮುಖ ಬದಿಗೆ ಹೊರಳಿಸಬೇಕು, ಅಂಗೈ ನೀರನ್ನು ಹಿಡಿಯಬೇಕು. ಚಿಕ್ಕಂದಿನಲ್ಲೇ ನೀರಿಗಿಳಿದವರಿಗೆ ಇದು ರೊಟ್ಟಿ ಬಡಿಯುವ ಕೈಯ ಹದದಂತೆ ಬರುತ್ತದೆ. ಮೂವತ್ತಕ್ಕೆ ರೊಟ್ಟಿ ಕಲಿತವಳೂ ರೊಟ್ಟಿ ಮಾಡುತ್ತಾಳೆ, ಆದರೆ ಹತ್ತಕ್ಕೆ ಕಲಿತವಳ ಕೈಯ ಚುರುಕು ಬೇರೆ. ಇಷ್ಟರ ಮಟ್ಟಿಗೆ ಬೇಗ ಶುರುಮಾಡುವುದು ಒಳ್ಳೆಯದೇ.

ಆದರೆ ಬೇಗ ಶುರುಮಾಡುವುದೆಂದರೆ ಆರು ವರ್ಷದ ಕೂಸಿನ ತಲೆಯ ಮೇಲೆ ಗಡಿಯಾರ ಹಿಡಿದು ನಿಲ್ಲುವುದೇ? ಹತ್ತು ಹನ್ನೊಂದರ ವಯೋಗುಂಪಿನಲ್ಲಿ ಗೆಲ್ಲುವ ಹುಡುಗಿ ಅನೇಕ ಸಲ ಉಳಿದವರಿಗಿಂತ ಒಂದು ವರ್ಷ ಮುಂಚೆ ಬೆಳೆದವಳಾಗಿರುತ್ತಾಳೆ, ಅಷ್ಟೇ. ಕೈಕಾಲು ಉದ್ದ, ಅದಕ್ಕೇ ಮುಂದೆ. ನಾಲ್ಕು ವರ್ಷ ಕಳೆದ ಮೇಲೆ ಉಳಿದವರೂ ಬೆಳೆದು ಅವಳ ಸಮಕ್ಕೆ ಬರುತ್ತಾರೆ. ಆಗ ಪಾಲಕರು ಮಗಳಲ್ಲಿ ಏನೋ ಐಬು ಹುಡುಕುತ್ತಾರೆ. ಎಳೆಯ ಹೆಗಲನ್ನು ದಿನಕ್ಕೆರಡು ಹೊತ್ತು ದುಡಿಸಿ ನೋವು ತರಿಸಿಕೊಂಡವರೂ, ಬೇಸತ್ತು ಬಿಟ್ಟವರೂ ಎಷ್ಟೋ ಜನ.

ನಿಶಾ ಮಿಲ್ಲೆಟ್ ಎಂಬ ನಮ್ಮ ಬೆಂಗಳೂರಿನ ಹುಡುಗಿಯ ಕತೆ ಕೇಳಿ. ಐದನೆಯ ವಯಸ್ಸಿನಲ್ಲಿ ಮುಳುಗಿ ಸಾಯುವುದರಿಂದ ಸ್ವಲ್ಪದರಲ್ಲಿ ಪಾರಾದವಳು. ಈಜು ಕಲಿತದ್ದು 1991ರಲ್ಲಿ, ಒಂಬತ್ತು ವರ್ಷದವಳಾಗಿದ್ದಾಗ, ತಂದೆಯ ಒತ್ತಾಸೆಯಿಂದ. 2000ದಲ್ಲಿ ಸಿಡ್ನಿ ಒಲಿಂಪಿಕ್ಸಿನ 200 ಮೀಟರ್ ಫ್ರೀಸ್ಟೈಲಿನಲ್ಲಿ ಈಜಿದಳು, ಆಗ ಅವಳಿಗೆ ಹದಿನೆಂಟು. 2024ರಲ್ಲಿ ಪ್ಯಾರಿಸ್ಸಿನಲ್ಲಿ ಅದೇ 200 ಮೀಟರಿಗೆ ಹೋದವಳು ಅದೇ ಬೆಂಗಳೂರಿನ ಧಿನಿಧಿ ದೇಸಿಂಗು, ಹದಿನಾಲ್ಕು ವರ್ಷದವಳು. ಅವಳು ಇನ್ನೂ ಬೇಗ ನೀರಿಗಿಳಿದವಳು ನಿಜ. ಇಬ್ಬರೂ ಸೆಮಿಫೈನಲ್ ಮುಟ್ಟಲಿಲ್ಲ, ಆದರೆ ಇಬ್ಬರೂ ಆ ನೀರಿನವರೆಗೆ ಹೋದರು. ಇನ್ನೂ ಹಿಂದಕ್ಕೆ ಹೋದರೆ ಕಲಕತ್ತೆಯ ಆರತಿ ಸಾಹಾ. 1952ರ ಹೆಲ್ಸಿಂಕಿ ಒಲಿಂಪಿಕ್ಸಿಗೆ ಹೋದಾಗ ಅವಳಿಗೆ ಹನ್ನೊಂದು ವರ್ಷ. ಆದರೆ ಜಗತ್ತು ಅವಳನ್ನು ನೆನೆಯುವುದು ಅದಕ್ಕಲ್ಲ; 1959ರಲ್ಲಿ, ಹತ್ತೊಂಬತ್ತರಲ್ಲಿ, ಇಂಗ್ಲಿಷ್ ಕಾಲುವೆ ದಾಟಿದ ಏಷ್ಯಾದ ಮೊದಲ ಹೆಣ್ಣುಮಗಳು ಎಂದು. ಹನ್ನೆರಡಕ್ಕೆ ಅವಳನ್ನು ಮನೆಯಲ್ಲಿ ಕೂಡಿಸಿದ್ದರೆ?

ಇಲ್ಲಿಗೇ ನಾನು ಬರಬೇಕೆಂದಿದ್ದೆ. ಹತ್ತು ವರ್ಷದವರೆಗೆ ಹುಡುಗ ಹುಡುಗಿಯರ ಈಜಿನ ವೇಗದಲ್ಲಿ ಹೇಳಿಕೊಳ್ಳುವಂಥ ಅಂತರವಿರುವುದಿಲ್ಲ. ಆಮೇಲೆ ಹುಡುಗನಿಗೆ ಬೆಳವಣಿಗೆಯೊಂದಿಗೆ ಮಾಂಸಖಂಡದ ಬಲ ಬರುತ್ತದೆ. ಹುಡುಗಿಯ ಸೊಂಟ ಅಗಲವಾಗುತ್ತದೆ, ಮೈ ತುಂಬುತ್ತದೆ, ನೀರಿನಲ್ಲಿ ಅವಳ ಹಳೆಯ ತೂಕದ ಲೆಕ್ಕವೇ ತಪ್ಪುತ್ತದೆ. ಒಂದೆರಡು ವರ್ಷ ವೇಗ ನಿಂತಲ್ಲೇ ನಿಲ್ಲಬಹುದು, ಸ್ವಲ್ಪ ಹಿಂದಕ್ಕೂ ಹೋಗಬಹುದು. ತಾಳ್ಮೆಯಿಂದ ತಿದ್ದಿದರೆ ಮತ್ತೆ ಏರುತ್ತದೆ. ದೊಡ್ಡ ಈಜುಗಾರ್ತಿಯರಲ್ಲಿ ಬಹುಮಂದಿ ತಮ್ಮ ಅತಿ ವೇಗ ಕಂಡದ್ದು ಇಪ್ಪತ್ತು ದಾಟಿದ ಮೇಲೆ. ನಾವೋ, ಅವಳಿಗೆ ಕಲಿಸುವವರು ಅತಿ ಬೇಕಾದ ಆ ಎರಡು ವರ್ಷದಲ್ಲೇ ಅವಳನ್ನು ನೀರಿನಿಂದ ಮೇಲಕ್ಕೆ ಎಳೆಯುತ್ತೇವೆ. ಆಮೇಲೆ "ಹೆಣ್ಣುಮಕ್ಕಳಿಗೆ ಅಷ್ಟ ದಮ್ಮು ಇರಂಗಿಲ್ರೀ" ಎನ್ನುತ್ತೇವೆ!

ಕಾರಣಗಳನ್ನೆಲ್ಲ ನಾನು ಕೇಳಿದ್ದೇನೆ. ಮುಟ್ಟಿನ ತೊಂದರೆ ಎನ್ನುತ್ತಾರೆ. ಆ ದಿನಗಳಲ್ಲಿ ಈಜಿದರೆ ಮೈಗೆ ಕೇಡೆಂದು ವೈದ್ಯಶಾಸ್ತ್ರ ಹೇಳುವುದಿಲ್ಲ. ಸಂಕೋಚವಾದರೆ ನಾಲ್ಕು ದಿನ ಬಿಡಲಿ, ನಾಲ್ಕು ದಿನದ ರಜೆಗೆ ಜನ್ಮವಿಡೀ ರಜೆಯೇ? ಉಡುಪು ಎನ್ನುತ್ತಾರೆ. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲೇ ಹೆಗಲಿನಿಂದ ಮೊಣಕಾಲಿನವರೆಗೆ ಮುಚ್ಚುವ ಉಡುಪಿಗೆ ಅವಕಾಶವಿದೆ. ಇನ್ನು, "ಬಿಸಿಲಾಗ ಕರ್ರಗ ಆಗ್ತಾಳ, ನಾಳೆ ವರ ಹುಡುಕೋರು ಯಾರು?" ಇದಕ್ಕೆ ನನ್ನ ಹತ್ತಿರ ಉತ್ತರವಿಲ್ಲ, ಕೋಪ ಮಾತ್ರ ಇದೆ.

ನಮ್ಮ ಸಿಂಗಟಾಲೂರಿನಲ್ಲಿ ನೀರಿಗೆ ಬರವಿಲ್ಲ. ವೀರಭದ್ರೇಶ್ವರನ ದರ್ಶನಕ್ಕೆ ಬಂದವರು ತುಂಗಭದ್ರೆಯನ್ನೂ ನೋಡಿ ಹೋಗುತ್ತಾರೆ. ಊರಿನ ಹೆಸರಿನಲ್ಲೇ ದೊಡ್ಡ ಏತ ನೀರಾವರಿ ಯೋಜನೆಯಿದೆ. ಬೆನ್ನಿಗೆ ಬೆಂಡು ಕಟ್ಟಿಕೊಂಡು ಹೊಳೆಯಲ್ಲೋ ಬಾವಿಯಲ್ಲೋ ಈಸು ಕಲಿಯುವ ಹುಡುಗರನ್ನು ಯಾರೂ ತಡೆಯುವುದಿಲ್ಲ. ಅದೇ ದಂಡೆಯಲ್ಲಿ ಅವರ ಅಕ್ಕತಂಗಿಯರು ಬಟ್ಟೆ ಒಗೆಯುತ್ತಾರೆ. ಕಾಲು ಜಾರಿದರೆ ನಾಲ್ಕು ಕೈ ಬಡಿಯಲೂ ಅವರಿಗೆ ಬರುವುದಿಲ್ಲ. ಹಾಗೆಂದು ಹುಡುಗಿಯರನ್ನು ಹೊಳೆಗೆ ತಳ್ಳಿರೆಂದು ನಾನು ಹೇಳುತ್ತಿಲ್ಲ. ಮರಳು ತೆಗೆದ ಗುಂಡಿಗಳಿವೆ, ಸೆಳವಿದೆ, ಈ ನದಿಯಲ್ಲಿ ಮೊಸಳೆಗಳೂ ಇವೆ. ಹೊಳೆಯ ಈಸು ತಲೆ ಮೇಲೆತ್ತಿ ಈಸುವುದು, ಅದರಿಂದ ಜೀವ ಉಳಿದೀತು, ಸ್ಪರ್ಧೆಯ ವೇಗ ಬರುವುದಿಲ್ಲ. ಅದಕ್ಕೆ ಕೊಳ ಬೇಕು, ಕಲಿಸುವವರು ಬೇಕು. ಶಾಲೆಯ ಆಟೋಟವೆಂದರೆ ಖೋಖೋ, ಕಬಡ್ಡಿ, ಓಟ. ಈಜಿನ ಹೆಸರನ್ನು ನಮ್ಮ ಹುಡುಗಿಯರು ಪುಸ್ತಕದಲ್ಲಷ್ಟೇ ಓದುತ್ತಾರೆ.

ವಯಸ್ಸಿನ ಮಾತು ತೆಗೆಯುವವರಿಗೆ ಅಮೆರಿಕದ ಡಾರಾ ಟಾರೆಸಳ ಹೆಸರು ಹೇಳಬೇಕು. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಅವಳಿಗೆ ನಲವತ್ತೊಂದು. ಮನೆಯಲ್ಲಿ ಎರಡು ವರ್ಷದ ಮಗಳು. ಮೂರು ಬೆಳ್ಳಿ ಗೆದ್ದಳು. 50 ಮೀಟರಿನಲ್ಲಿ ಚಿನ್ನ ತಪ್ಪಿದ್ದು ಸೆಕೆಂಡಿನ ನೂರನೆಯ ಒಂದು ಪಾಲಿನಿಂದ. ಅವಳೂ ಚಿಕ್ಕಂದಿನಿಂದ ಈಜಿದವಳೇ ತಾನೆ ಎಂದು ಕೇಳಬಹುದು. ಹೌದು, ಆದರೆ ಹದಿಮೂರಕ್ಕೆ ಅವಳನ್ನು ಯಾರೂ ದಂಡೆಗೆ ಹತ್ತಿಸಲಿಲ್ಲ.

ಗದಗಿನಲ್ಲೋ ಹುಬ್ಬಳ್ಳಿಯಲ್ಲೋ ಇರುವ ತಾಯಂದಿರು ಬೇಸಿಗೆ ರಜೆಯಲ್ಲಿ ಕೊಳದ ಬಾಗಿಲಿಗೆ ಹೋಗಿ, "ಎಷ್ಟು ವರ್ಷದ ಮಕ್ಕಳನ್ನ ತಗೋತೀರಿ?" ಎಂದು ಕೇಳುತ್ತಾರೆ. ಅದರ ಜೊತೆಗೆ ಇನ್ನೂ ಮೂರು ಮಾತು ಕೇಳಲಿ: ಕಲಿಸಲು ಹೆಣ್ಣುಮಗಳು ಇದ್ದಾಳೆಯೇ? ಬಟ್ಟೆ ಬದಲಿಸುವ ಕೋಣೆಗೆ ಚಿಲಕವಿದೆಯೇ? ಎಂಟನೆಯ ಇಯತ್ತೆಯ ಹುಡುಗಿ ಜೂನ್ ತಿಂಗಳಲ್ಲಿ ಶಾಲೆ ಶುರುವಾದ ಮೇಲೂ ಬಂದರೆ ಅವಳಿಗೆ ಯಾವ ಹೊತ್ತು ಕೊಡುತ್ತೀರಿ?