ಅಜ್ಜಿಯ ಬಾಯಿಗೆ ದುಭಾಷಿ ಯಾರು?

ಸಪ್ತಭಾಷೆಗಳ ಸಂಗಮಭೂಮಿ ಎಂದು ಕಾಸರಗೋಡನ್ನು ಕೊಂಡಾಡದ ಸಭೆಯಿಲ್ಲ. ಕೊಂಡಾಡುವವರು ಬಹುಮಟ್ಟಿಗೆ ಗಂಡಸರು. ಪೇಟೆ, ಕಚೇರಿ, ಕೋರ್ಟು ಎಂದು ಓಡಾಡಿ ಮಲಯಾಳ ಕಲಿತವರು. ಮನೆ, ಹಟ್ಟಿ, ತೋಟದೊಳಗೇ ಬದುಕು ಸವೆಸಿದ, ತುಳುವೋ ಕನ್ನಡವೋ ಅಷ್ಟೇ ಬಲ್ಲ, ಎಪ್ಪತ್ತು ದಾಟಿದ ಹೆಂಗಸನ್ನು ಆಸ್ಪತ್ರೆಯ ಬೆಂಚಿನ ಮೇಲೆ ಕಂಡು ಬನ್ನಿ. ಸಂಗಮದ ಮಾತು ಆಮೇಲೆ ಆಡೋಣ.

ಅವಳ ಜೊತೆ ಬಂದವನು ಕಾಲೇಜಿಗೆ ಹೋಗುವ ಮೊಮ್ಮಗ, ಅವನಿಗೆ ಮಲಯಾಳ ಚೆನ್ನಾಗಿ ಬರುತ್ತದೆಂಬ ಕಾರಣಕ್ಕೆ. ಮುಟ್ಟು ನಿಂತು ಇಪ್ಪತ್ತು ವರ್ಷಗಳ ಮೇಲೆ ಮತ್ತೆ ರಕ್ತ ಕಂಡಿದೆ ಎಂಬುದನ್ನು ಅವಳು ಆ ಹುಡುಗನ ಬಾಯಿಂದ ಹೇಳಿಸಬೇಕೇ? ಗಂಡಸರೆದುರು ಆ ಶಬ್ದವನ್ನೇ ಎತ್ತಬಾರದೆಂದು ಕಲಿಸಿದವರು ನಾವೇ ಅಲ್ಲವೇ? ಅವಳು "ಹೊಟ್ಟೆನೋವು" ಅನ್ನುತ್ತಾಳೆ. ಹುಡುಗ "ವಯರುವೇದನ" ಅನ್ನುತ್ತಾನೆ. ಅನುವಾದದಲ್ಲಿ ಒಂದಕ್ಷರ ತಪ್ಪಿಲ್ಲ. ಗ್ಯಾಸಿನ ಮಾತ್ರೆ ಹಿಡಿದು ಇಬ್ಬರೂ ಬಸ್ಸು ಹತ್ತುತ್ತಾರೆ. ಗರ್ಭಕೋಶದ ಕ್ಯಾನ್ಸರಿನ ಮೊದಲ ಸೂಚನೆ ಹಲವು ಸಲ ಈ ರಕ್ತವೇ ಆಗಿರುತ್ತದೆ. ಬೇಗ ತಿಳಿದರೆ ಜೀವ ಉಳಿಯುವ ಸಂಭವ ಹೆಚ್ಚು.

ಅವಳೇ ನಾಲ್ಕು ಮಾತು ಮಲಯಾಳ ಕೂಡಿಸಿಕೊಂಡಳೆನ್ನಿ. ಮರ್ಯಾದೆಯಿಂದಲೇ "ನಿಙ್ಙಳ್" ಅನ್ನುತ್ತಾಳೆ. ಮಲಬಾರಿನಲ್ಲಿ ಅದು ನಮ್ಮ "ನೀವು" ಇದ್ದ ಹಾಗೆ, ಹಿರಿಯರಿಗೂ ಸಲ್ಲುತ್ತದೆ. ತೆಂಕಣ ಕೇರಳದವರಿಗೆ ಅದೇ ಶಬ್ದ ಒರಟು. ಅಲ್ಲಿ "ಸಾರ್", "ಡಾಕ್ಟರ್" ಎಂದೇ ಮಾತು ಸಾಗಬೇಕು. ತೆಂಕಿನಿಂದ ವರ್ಗವಾಗಿ ಬಂದ ಎಳೆಯ ವೈದ್ಯರ ಹುಬ್ಬು ಒಮ್ಮೆ ಮೇಲೇರಿದರೆ ಸಾಕು, ಅಜ್ಜಿ ಮತ್ತೆ ಬಾಯಿ ತೆರೆಯುವುದಿಲ್ಲ. ಈ ಸಂಚಿಕೆಯ ಮಲಯಾಳ ಪುಟಗಳನ್ನು ಓದುವ ಸ್ನೇಹಿತರು ಇದನ್ನು ತಮ್ಮವರಿಗೆ ತಿಳಿಸಿಕೊಟ್ಟರೆ ಉಪಕಾರವಾದೀತು.

1956ರ ನವೆಂಬರ್ 1ರಿಂದ ನಾವು ಕೇರಳದವರು. "ಇಷ್ಟು ವರ್ಷಗಳಲ್ಲಿ ಕಲಿಯಬಾರದಿತ್ತೇ" ಎಂದು ಕೇಳುವವರಿದ್ದಾರೆ. ಎಲ್ಲಿ ಕಲಿಯಬೇಕಿತ್ತು, ಅಡುಗೆಮನೆಯಲ್ಲೇ? ಕೇರಳದ 1969ರ ಅಧಿಕೃತ ಭಾಷಾ ಕಾನೂನು ಕನ್ನಡದಲ್ಲಿ ಅರ್ಜಿ ಬರೆಯುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು ನಮಗೆ ಕೊಟ್ಟಿದೆ. ಒಳ್ಳೆಯದೇ. ಆದರೆ ಅದು ಕಾಗದದ ಹಕ್ಕು. ಬರೆಯಲು ಬಾರದವಳ ಬಾಯಿಮಾತಿಗೆ ಅದರಿಂದ ಏನು ಬಂತು?

ನಮ್ಮ ಮುಂದಾಳುಗಳ ಮನವಿಗಳನ್ನು ಓದಿ ನೋಡಿ. ಅಧ್ಯಾಪಕರ ಹುದ್ದೆ, ಊರಿನ ಹೆಸರು, ಫಲಕದ ಲಿಪಿ. ಎಲ್ಲವೂ ನ್ಯಾಯವಾದ ಬೇಡಿಕೆಗಳೇ, ಎಲ್ಲವೂ ಓದು ಬಲ್ಲವರ ಬೇಡಿಕೆಗಳೇ. ಹವ್ಯಕ ಕನ್ನಡದಲ್ಲಿ ಹೆಂಗಸಿಗೆ ನಪುಂಸಕದ "ಅದು" ಸಲ್ಲುತ್ತದೆ. ಅದರಲ್ಲಿ ಅವಮಾನವಿಲ್ಲ, ವ್ಯಾಕರಣವಷ್ಟೇ ಎಂದು ಬಲ್ಲವರು ಹೇಳುತ್ತಾರೆ. ಒಪ್ಪೋಣ. ಆದರೆ ವೈದ್ಯರ ಮುಂದೆ ಕುಳಿತವಳನ್ನು ಬಿಟ್ಟು ಮಗ, ಮೊಮ್ಮಗ, ಅಳಿಯ ತಮ್ಮತಮ್ಮೊಳಗೇ ಅವಳ ಕಾಯಿಲೆಯನ್ನು ತೀರ್ಮಾನಿಸುವುದು ಯಾವ ವ್ಯಾಕರಣ?

ಸ್ತ್ರೀರೋಗ ವಿಭಾಗದಲ್ಲಿ ಕನ್ನಡ, ತುಳು, ಮಲಯಾಳ ಮೂರೂ ಬಲ್ಲ ಒಬ್ಬ ಹೆಂಗಸು ಬೇಕು, ವಾರಕ್ಕೆ ಎರಡು ದಿನವಾದರೂ. ಮನೆಮನೆ ಬಲ್ಲ ಆಶಾ ಕಾರ್ಯಕರ್ತೆಯರಿದ್ದಾರೆ. ಬೇರೆಯೇ ಭತ್ಯೆ ಕೊಟ್ಟು ಕೂರಿಸಲಿ, ಪುಕ್ಕಟೆ ಸೇವೆಯೆಂದಲ್ಲ. ಮುಂದಿನ ಮನವಿಯಲ್ಲಿ ಇದನ್ನು ಫಲಕದ ಬೇಡಿಕೆಗಿಂತ ಮೇಲೆ ಬರೆಯಿರಿ. ಅಲ್ಲಿಯವರೆಗೆ ಮೊಮ್ಮಗ ಬಾಗಿಲ ಹೊರಗೆ ಚೀಟಿ ಹಿಡಿದು ನಿಲ್ಲಲಿ, ಮಗಳೋ ಸೊಸೆಯೋ ಒಳಗೆ ಹೋಗಲಿ.